ಗಾಡಿಯ ಹಿಂದಿನಿಂದ 'ಟಣ್' ಅಂತ ಸದ್ದು ಬಂದರೆ ತಕ್ಷಣ ಶಾಕ್ಸ್ ಬದಲಿಸೋಕೆ ಒಪ್ಪಬೇಡಿ

ಹಳೆಯ ಫೋರ್ ವ್ಹೀಲ್ ಡ್ರೈವ್ ಗಾಡಿ ಇಟ್ಟುಕೊಂಡಿರುವವರು, ಅದರಲ್ಲೂ ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಇರುವವರು, ದಯವಿಟ್ಟು ಇದನ್ನು ಪೂರ್ತಿ ಓದಿ. ಹಿಂದಿನ ಸಸ್ಪೆನ್ಷನ್ ಸದ್ದು ಹುಡುಕುವ ಹೆಸರಲ್ಲಿ ನನ್ನ ಗಾಡಿಗೆ ಹೊಸ ಶಾಕ್ ಅಬ್ಸಾರ್ಬರ್ (ಸ್ಪ್ರಿಂಗ್ ಕುಣಿತ ತಡೆಯುವ ಶಾಕ್ಸ್) ಬಂತು, ಹೊಸ ಬುಷ್ (ಜೋಡಣೆಗಳ ಒಳಗೆ ಕೂರುವ ರಬ್ಬರ್) ಬಂತು, ಡಿಫ್ರೆನ್ಶಿಯಲ್ (ಎಂಜಿನ್ ಶಕ್ತಿಯನ್ನು ಎರಡೂ ಚಕ್ರಗಳಿಗೆ ಹಂಚುವ ಗೇರ್) ಬಿಚ್ಚುವ ಮಾತೂ ಆಯಿತು. ಸದ್ದು ಮಾತ್ರ ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ತುಂಡಾಗಿದ್ದ ಒಂದು ಬೋಲ್ಟ್. ಹಿಂದಿನ ಆಕ್ಸಲ್ (ಎರಡು ಚಕ್ರಗಳನ್ನು ಸೇರಿಸುವ ಅಡ್ಡ ದಂಡ) ಸ್ಪ್ರಿಂಗ್ ಮೇಲೆ ಹಿಂದೆ ಮುಂದೆ ಜಾರುತ್ತಿತ್ತು. ದುಡ್ಡು ಹೋದದ್ದು ಒಂದು ಕಡೆ ಇರಲಿ. ಆ ಸ್ಥಿತಿಯಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಹೈವೇಯಲ್ಲಿ ಹೋಗಿದ್ದೆ. ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ.

ಸದ್ದು ಹೇಗಿತ್ತು ಅಂತ ಮೊದಲು ಹೇಳುತ್ತೇನೆ. ಅರ್ಧ ಉತ್ತರ ಅದರಲ್ಲೇ ಇತ್ತು, ಕೇಳುವ ವ್ಯವಧಾನ ವರ್ಕ್‌ಶಾಪ್‌ನವರಿಗೆ ಇರಲಿಲ್ಲ ಅಷ್ಟೆ. ನಿಂತ ಗಾಡಿ ಹೊರಟಾಗ ಹಿಂದೆ ಎಡಗಡೆ ಒಂದು 'ಟಣ್'. ಬ್ರೇಕ್ ಒತ್ತಿ ನಿಲ್ಲಿಸುವಾಗ ಇನ್ನೊಂದು. ರಿವರ್ಸ್ ಹಾಕಿ ಹೊರಟರೆ ಮತ್ತೆ ಒಂದು. ಹಂಪ್ ಮೇಲೆ ನಿಧಾನವಾಗಿ ಹತ್ತಿಸಿದರೆ ಹೆಚ್ಚಾಗಿ ಏನೂ ಇಲ್ಲ. ಶಾಕ್ ಅಬ್ಸಾರ್ಬರ್ ಬುಷ್ ಸವೆದಾಗ ಇದರ ಉಲ್ಟಾ ಆಗುತ್ತದೆ. ಸಣ್ಣ ಸಣ್ಣ ಗುಂಡಿಗಳಲ್ಲಿ ಒಂದೇ ಸಮನೆ ಕಟಕಟ ಅನ್ನುತ್ತದೆ. ಗಾಡಿ ಹೊರಡುವಾಗ, ನಿಲ್ಲುವಾಗ ಮಾತ್ರ ಒಂದೊಂದೇ ಪೆಟ್ಟು ಕೇಳಿದರೆ ಆಕ್ಸಲ್ ಹಿಂದೆ ಮುಂದೆ ಸರಿಯುತ್ತಿದೆ, ಇಲ್ಲವೇ ಪ್ರೊಪೆಲ್ಲರ್ ಶಾಫ್ಟ್ (ಎಂಜಿನ್ ಕಡೆಯಿಂದ ಆಕ್ಸಲ್‌ಗೆ ಶಕ್ತಿ ಒಯ್ಯುವ ಉದ್ದ ದಂಡ) ಕಡೆ ಎಲ್ಲೋ ಆಟ, ಅಂದರೆ ಸಡಿಲ, ಇದೆ ಅಂತ ಮೊದಲು ಅನುಮಾನ ಪಡಬೇಕು. ಮೇಲೆ ಕೆಳಗೆ ಆಡುವ ಶಾಕ್ಸ್‌ಗೂ ಇದಕ್ಕೂ ಸಂಬಂಧ ಕಡಿಮೆ.

ವರ್ಕ್‌ಶಾಪ್‌ನಲ್ಲಿ ಗಾಡಿಯನ್ನು ಟೂ ಪೋಸ್ಟ್ ಲಿಫ್ಟ್ ಮೇಲೆ ಎತ್ತಿದರು. ಟೈರ್ ಹಿಡಿದು ಅಲ್ಲಾಡಿಸಿದರು, ಟೈರ್ ಲಿವರ್ ತೂರಿಸಿ ಅಲ್ಲಿ ಇಲ್ಲಿ ಮೀಟಿದರು. ಐದು ನಿಮಿಷವೂ ಆಗಿರಲಿಲ್ಲ, "ಸಾರ್, ಶಾಕ್ಸ್ ಹೋಗಿದೆ, ಎರಡೂ ಹಾಕಿಬಿಡೋಣ" ಅಂದರು. "ಒಂದು ರೌಂಡ್ ನನ್ನ ಜೊತೆ ಬನ್ನಿ, ಸದ್ದು ಕೇಳಿಸ್ತೀನಿ" ಅಂತ ಕರೆದೆ. "ಬೇಡ ಸಾರ್, ದಿನಾ ನೋಡೋದೇ ಇದು" ಅನ್ನುವ ಉತ್ತರ ಬಂತು. ಈ ಮಾತು ಕೇಳಿದ ಕಡೆ ಗಾಡಿ ಬಿಡಬೇಡಿ.

ಲಿಫ್ಟ್ ಮೇಲೆ ಎತ್ತಿದಾಗ ಏನಾಗುತ್ತದೆ ನೋಡಿ. ಟೂ ಪೋಸ್ಟ್ ಲಿಫ್ಟ್ ಹಿಡಿಯುವುದು ಚಾಸಿಯನ್ನು, ಅಂದರೆ ಗಾಡಿಯ ಚೌಕಟ್ಟನ್ನು. ಆಕ್ಸಲ್ ಕೆಳಗೆ ಜೋತು ಬೀಳುತ್ತದೆ, ಸ್ಪ್ರಿಂಗ್ ಮೇಲಿನ ಭಾರ ಪೂರ್ತಿ ಇಳಿಯುತ್ತದೆ. ಬುಷ್, ಶ್ಯಾಕಲ್ (ಸ್ಪ್ರಿಂಗ್ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ), ಯು ಬೋಲ್ಟ್ (ಸ್ಪ್ರಿಂಗನ್ನೂ ಆಕ್ಸಲನ್ನೂ ಸೇರಿಸಿ ಬಿಗಿಯುವ ಯು ಆಕಾರದ ಬೋಲ್ಟ್) ಯಾವುದೂ ರಸ್ತೆಯ ಮೇಲೆ ಇರುವ ಸ್ಥಿತಿಯಲ್ಲಿ ಇರುವುದಿಲ್ಲ. ಭಾರ ಬಿದ್ದಾಗ ಮಾತ್ರ ಆಡುವ ಜಾಗ ಅಲ್ಲಿ ಗಟ್ಟಿಯಾಗಿ ಕಾಣಬಹುದು. ಇಂಥ ಸದ್ದು ಹುಡುಕಬೇಕಾದರೆ ಚಕ್ರಗಳು ನೆಲದ ಮೇಲೇ ಇರಬೇಕು. ಕೆಳಗೆ ಇಳಿದು ನೋಡಲು ತೋಡಿರುವ ಗುಂಡಿಯ ಮೇಲೆ ನಿಲ್ಲಿಸಿಯೋ, ಚಕ್ರ ಹತ್ತಿಸುವ ರ್‍ಯಾಂಪ್ ಮೇಲಿಟ್ಟೋ ಕೆಳಗಿನಿಂದ ನೋಡಬೇಕು.

ಹೊಸ ಶಾಕ್ಸ್ ಬಂತು. ಸದ್ದು ಹಾಗೇ ಇತ್ತು. ಬಿಚ್ಚಿದ ಹಳೆಯವನ್ನು ಕೇಳಿ ಇಸಕೊಂಡಿದ್ದೆ. ಮನೆಯಲ್ಲಿ ನೆಟ್ಟಗೆ ನಿಲ್ಲಿಸಿ ಒತ್ತಿ, ಎಳೆದು ನೋಡಿದರೆ ಎರಡೂ ಗಟ್ಟಿಯಾಗಿ ತಡೆಯುತ್ತಿದ್ದವು. ಎಣ್ಣೆ ಸೋರಿಲ್ಲ, ರಾಡ್ ಬಗ್ಗಿಲ್ಲ. ಚೆನ್ನಾಗಿದ್ದ ಸಾಮಾನನ್ನು ಸುಮ್ನೆ ಬಿಚ್ಚಿ ಹಾಕಿದ್ದರು.

ಎರಡನೇ ಸುತ್ತಿನಲ್ಲಿ ಬುಷ್ ಅಂದರು. ಇದು ಇನ್ನೂ ಕೆಟ್ಟದಾಯಿತು. ಲೀಫ್ ಸ್ಪ್ರಿಂಗ್ ಬುಷ್ ಹಾಕಬೇಕಾದರೆ ಯು ಬೋಲ್ಟ್ ಬಿಚ್ಚಿ ಸ್ಪ್ರಿಂಗ್ ಇಳಿಸಬೇಕು. ಇಳಿಸಿದರು, ಹೊಸ ಬುಷ್ ಕೂರಿಸಿದರು. ಆಮೇಲೆ ಅದೇ ಹಳೆಯ, ತುಕ್ಕು ಹಿಡಿದ ಯು ಬೋಲ್ಟ್‌ಗಳನ್ನೇ ಮತ್ತೆ ಹಾಕಿ ಏರ್ ಗನ್ನಿನಲ್ಲಿ ಗರ್ರ್ ಅನ್ನಿಸಿದರು. ಎಷ್ಟು ಬಿಗಿಯಬೇಕೋ ಅಷ್ಟನ್ನೇ ಅಳೆದು ಬಿಗಿಯುವ ಟಾರ್ಕ್ ರೆಂಚ್ ಮುಟ್ಟಲೇ ಇಲ್ಲ. ಯು ಬೋಲ್ಟ್ ಒಮ್ಮೆ ಬಿಗಿದಾಗ ಸ್ವಲ್ಪ ಹಿಗ್ಗಿರುತ್ತದೆ, ದಾರವೂ ಸವೆದಿರುತ್ತದೆ. ಬಿಚ್ಚಿದ ಮೇಲೆ ಹೊಸದು ಹಾಕುವುದೇ ಸರಿಯಾದ ಕ್ರಮ. ಸಾಲದ್ದಕ್ಕೆ ಬುಷ್‌ನ ಬೋಲ್ಟ್‌ಗಳನ್ನೂ ಆಕ್ಸಲ್ ಜೋತಾಡುತ್ತಿರುವಾಗಲೇ ಪೂರ್ತಿ ಬಿಗಿದರು. ರಬ್ಬರ್ ಬುಷ್‌ನ ಒಳಗಿನ ಸ್ಲೀವ್ ಬೋಲ್ಟ್ ಬಿಗಿದಾಗ ಬ್ರಾಕೆಟ್‌ಗೆ ಕಚ್ಚಿ ನಿಲ್ಲುತ್ತದೆ, ತಿರುಚಿಕೊಳ್ಳುವುದು ರಬ್ಬರ್ ಮಾತ್ರ. ಜೋತಾಡುವಾಗ ಬಿಗಿದರೆ ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರ್ ತಿರುಚಿದ ಸ್ಥಿತಿಗೆ ಬಂದು ಅಲ್ಲೇ ಉಳಿಯುತ್ತದೆ, ಬೇಗ ಹರಿಯುತ್ತದೆ. ನನ್ನ ಹೊಸ ಬುಷ್‌ಗಳು ಕೆಲವೇ ತಿಂಗಳಲ್ಲಿ ಅಂಚಿನಲ್ಲಿ ಸೀಳಿದ್ದವು.

ಇಷ್ಟರಲ್ಲಿ ಇನ್ನೊಂದು ಲಕ್ಷಣ ಶುರುವಾಯಿತು. ಆಕ್ಸಿಲರೇಟರ್ ಒತ್ತಿದರೆ ಗಾಡಿ ಒಂದು ಕಡೆ ಎಳೆಯುತ್ತಿತ್ತು, ಕಾಲು ತೆಗೆದರೆ ಇನ್ನೊಂದು ಕಡೆ. ಸ್ಟೀರಿಂಗ್ ನೆಟ್ಟಗೆ ಹಿಡಿದಿದ್ದರೂ ಗಾಡಿಯ ಹಿಂಭಾಗ ತನ್ನಷ್ಟಕ್ಕೆ ತಿರುಗಿದ ಹಾಗೆ. ವರ್ಕ್‌ಶಾಪ್‌ನವರು "ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ" ಅಂದರು. ಮಾಡಿಸಿದೆ. ಏನೂ ಬದಲಾಗಲಿಲ್ಲ. ಬದಲಾಗೋದು ಹೇಗೆ? ತೊಂದರೆ ಇದ್ದದ್ದು ಹಿಂದೆ, ಅವರು ಸರಿ ಮಾಡಿದ್ದು ಮುಂದಿನ ಚಕ್ರ. ಆಮೇಲೆ ಬಂತು ದೊಡ್ಡ ಬಾಂಬು, ಡಿಫ್ರೆನ್ಶಿಯಲ್ ಗೇರ್‌ಗಳನ್ನೇ ಬಿಚ್ಚುವ ಮಾತು. "ಕ್ರೌನ್ ಪಿನಿಯನ್ ಸವೆದಿದೆ ಸಾರ್, ಹೌಸಿಂಗ್ ಇಳಿಸಬೇಕು." ಅಲ್ಲಿಂದ ಗಾಡಿ ತೆಗೆದುಕೊಂಡು ಬಂದೆ.

ಗೆಳೆಯರೊಬ್ಬರು ಹೇಳಿದ ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ವಯಸ್ಸಾದವರು, ಲಾರಿ ಕೆಲಸವೇ ಜಾಸ್ತಿ ಮಾಡಿದವರು. ಮೊದಲು ಗಾಡಿ ಹತ್ತಿ ಒಂದು ಸುತ್ತು ಬಂದರು, ಏನೂ ಮಾತಾಡಲಿಲ್ಲ. ಆಮೇಲೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಟೇಪ್ ತೆಗೆದರು. ಸ್ಪ್ರಿಂಗ್‌ನ ಮುಂದಿನ ಕಣ್ಣಿನಿಂದ (ಬೋಲ್ಟ್ ತೂರುವ ಸುರುಳಿ ತುದಿ) ಆಕ್ಸಲ್‌ವರೆಗೆ ಎರಡೂ ಕಡೆ ಅಳೆದರು. ಬಲಗಡೆಗಿಂತ ಎಡಗಡೆ ಜಾಸ್ತಿ ಬಂತು. ಅಂದರೆ ಎಡಗಡೆ ಆಕ್ಸಲ್ ಹಿಂದಕ್ಕೆ ಸರಿದಿತ್ತು. ಒಂದೆರಡು ಹೆಜ್ಜೆ ದೂರ ನಿಂತು ನೋಡಿದರೆ ಎಡಗಡೆ ಚಕ್ರ ಮಡ್‌ಗಾರ್ಡ್ ಕಮಾನಿನ ನಡುವೆ ಇರಲೇ ಇಲ್ಲ. ಅಷ್ಟು ದಿನ ಯಾರ ಕಣ್ಣಿಗೂ ಬೀಳದೆ ಇದ್ದದ್ದೇ ಆಶ್ಚರ್ಯ.

ಆಮೇಲೆ ಬ್ರಷ್ಷಿನಲ್ಲಿ ಬಿಳಿ ಪೇಂಟ್ ಅದ್ದಿ ಸ್ಪ್ರಿಂಗ್ ಪಟ್ಟಿ, ಕೆಳಗಿನ ಪ್ಲೇಟ್, ಆಕ್ಸಲ್ ಮೇಲಿನ ಸೀಟು (ಸ್ಪ್ರಿಂಗ್ ಕೂರುವ ಜಾಗ) ಮೂರನ್ನೂ ಸೇರಿಸಿ ಒಂದೇ ಗೆರೆ ಎಳೆದರು. ನನ್ನನ್ನು ಡ್ರೈವರ್ ಸೀಟಲ್ಲಿ ಕೂರಿಸಿ ಎರಡು ಅಡಿ ಮುಂದೆ ಬಿಟ್ಟು ಬ್ರೇಕ್, ಎರಡು ಅಡಿ ಹಿಂದೆ ಬಿಟ್ಟು ಬ್ರೇಕ್ ಮಾಡಿಸಿದರು. ಅವರು ಪಕ್ಕದಲ್ಲಿ, ಚಕ್ರದ ದಾರಿಯಿಂದ ದೂರ ಕೂತು ನೋಡುತ್ತಿದ್ದರು. ನನ್ನ ಮೊಬೈಲನ್ನು ಚಾಸಿಗೆ ಕಟ್ಟಿ ವಿಡಿಯೋನೂ ಮಾಡಿಸಿದರು. ವಿಡಿಯೋದಲ್ಲಿ ಬಿಳಿ ಗೆರೆ ಎರಡು ತುಂಡಾಗಿ, ಮತ್ತೆ ಕೂಡಿ, ಮತ್ತೆ ತುಂಡಾಗುವುದು ಸ್ಪಷ್ಟವಾಗಿ ಕಾಣುತ್ತಿತ್ತು. ಪ್ರತಿ ಸಲಕ್ಕೂ ಒಂದು 'ಟಣ್'.

ಯು ಬೋಲ್ಟ್ ಬಿಚ್ಚಿದಾಗ, ಸ್ಪ್ರಿಂಗ್ ಪಟ್ಟಿಗಳ ನಡುವೆ ತೂರುವ ಸೆಂಟರ್ ಬೋಲ್ಟ್‌ನ ತಲೆ ಬೇರೆಯಾಗಿಯೇ ಕೈಗೆ ಬಂತು. ಮುರಿದ ಮುಖವನ್ನು ಅವರು ಬಟ್ಟೆಯಲ್ಲಿ ಒರೆಸಿ ತೋರಿಸಿದರು. ಮುಕ್ಕಾಲು ಭಾಗ ಕಪ್ಪಗೆ, ನುಣ್ಣಗೆ, ತುಕ್ಕು ಹಿಡಿದು ಹಳೆಯದಾಗಿತ್ತು. ಉಳಿದ ಕಾಲು ಭಾಗ ಮಾತ್ರ ಬೆಳ್ಳಗೆ, ತರಿತರಿಯಾಗಿ ಹೊಳೆಯುತ್ತಿತ್ತು. ಅಂದರೆ ಬಿರುಕು ಬಹಳ ದಿನದಿಂದ ಒಳಗೆ ಬೆಳೆಯುತ್ತಿತ್ತು, ಕೊನೆಯ ಭಾಗ ಇತ್ತೀಚೆಗೆ ಪಟ್ ಅಂದಿದೆ. ನಾನು ಮೊದಲು ವರ್ಕ್‌ಶಾಪ್‌ಗೆ ಹೋದಾಗಲೇ ಯು ಬೋಲ್ಟ್ ಸಡಿಲ ಇತ್ತು, ಬೋಲ್ಟ್ ಸೀಳಲು ಶುರುವಾಗಿತ್ತು. ವರ್ಕ್‌ಶಾಪ್‌ನವರು ಸ್ಪ್ರಿಂಗ್ ಪೂರ್ತಿ ಇಳಿಸಿದಾಗ ಆ ಬೋಲ್ಟ್ ಅವರ ಕಣ್ಣ ಮುಂದೆಯೇ ಇತ್ತು!

ಸೆಂಟರ್ ಬೋಲ್ಟ್ ಲೀಫ್ ಪಟ್ಟಿಗಳನ್ನು ಸೇರಿಸಿ ಹಿಡಿಯುತ್ತದೆ. ಅದರ ತಲೆ ಆಕ್ಸಲ್ ಸೀಟಿನ ತೂತಿನಲ್ಲಿ ಕೂತು ಆಕ್ಸಲ್ ಎಲ್ಲಿರಬೇಕು ಅಂತ ತೋರಿಸುತ್ತದೆ. ನಿಜವಾದ ಹಿಡಿತ ಯು ಬೋಲ್ಟ್‌ಗಳದ್ದು. ಅವು ಗಟ್ಟಿಯಾಗಿ ಅದುಮಿ ಹಿಡಿದಿರುವಷ್ಟು ಕಾಲ ಸೆಂಟರ್ ಬೋಲ್ಟ್ ಮೇಲೆ ಅಂಥ ಭಾರ ಬೀಳುವುದಿಲ್ಲ. ಅವು ಸಡಿಲಾದರೆ ಹೊರಡುವಾಗ, ಬ್ರೇಕ್ ಹಾಕುವಾಗ ಬೀಳುವ ಪೆಟ್ಟೆಲ್ಲ ಆ ಸಣ್ಣ ಬೋಲ್ಟ್ ಮೇಲೆ. ಅಷ್ಟು ತಾಳಿಕೊಳ್ಳೋಕೆ ಅದನ್ನು ಮಾಡಿಲ್ಲ. ಯು ಬೋಲ್ಟ್ ಸುತ್ತ ಕೆಂಪು ತುಕ್ಕಿನ ಪುಡಿ, ಪ್ಲೇಟ್ ಅಂಚಿನಲ್ಲಿ ಉಜ್ಜಿ ಹೊಳೆಯುವ ಕಬ್ಬಿಣ ಕಂಡರೆ ಅಲ್ಲಿ ಏನೋ ಆಡುತ್ತಿದೆ ಅಂತಲೇ ಅರ್ಥ. ಕೆಸರು ತೊಳೆದು ಒಮ್ಮೆ ಬಗ್ಗಿ ನೋಡಿದರೆ ಸಾಕು.

ಪ್ರೊಪೆಲ್ಲರ್ ಶಾಫ್ಟ್ ಕಡೆಯ ಸದ್ದೂ ಹೊರಡುವಾಗ 'ಟಕ್' ಅಂತಲೇ ಬರುತ್ತದೆ, ಹಾಗಾಗಿ ಅದನ್ನೂ ನೋಡಲೇಬೇಕು. ಶಾಫ್ಟ್‌ನ ಸ್ಲಿಪ್ ಜಾಯಿಂಟ್‌ನಲ್ಲಿ (ಒಂದರೊಳಗೊಂದು ಜಾರುವ ಜೋಡಣೆ) ಗ್ರೀಸ್ ಒಣಗಿದ್ದರೆ ಗಾಡಿ ಹೊರಡುವಾಗ, ನಿಂತ ಮೇಲೆ ಒಂದು ಪೆಟ್ಟು ಕೇಳುತ್ತದೆ. ಗ್ರೀಸ್ ನಿಪ್ಪಲ್ ಇದ್ದರೆ ಗ್ರೀಸ್ ಹೊಡೆದು ನೋಡಿ, ಸದ್ದು ಹೋದರೆ ಅಲ್ಲಿಗೆ ಮುಗಿಯಿತು. ಶಾಫ್ಟ್ ತುದಿಯ ಕೀಲಿನಲ್ಲಿರುವ ಕ್ರಾಸ್ ಬೇರಿಂಗ್ ಆಟ ಇದೆಯಾ ಅಂತ ಶಾಫ್ಟನ್ನು ಕೈಯಲ್ಲಿ ತಿರುಗಿಸಿ, ಎತ್ತಿ ನೋಡಬೇಕು. ಹಳೆಯ ಡಿಫ್ರೆನ್ಶಿಯಲ್‌ನಲ್ಲಿ ಒಂದಿಷ್ಟು ಬ್ಯಾಕ್‌ಲ್ಯಾಶ್ (ಗೇರ್ ಹಲ್ಲುಗಳ ನಡುವಿನ ಸಡಿಲ) ಇದ್ದೇ ಇರುತ್ತದೆ. ಅದನ್ನೇ ತೋರಿಸಿ ಹೌಸಿಂಗ್ ಬಿಚ್ಚಿಸುವವರು ಇದ್ದಾರೆ. ಹುಷಾರು.

ಕಾಯಿಲ್ (ಸುರುಳಿ) ಸ್ಪ್ರಿಂಗ್ ಇರುವವರಿಗೆ ಯು ಬೋಲ್ಟ್ ಚಿಂತೆ ಇಲ್ಲ, ಆದರೆ ಆಕ್ಸಲ್ ಹಿಡಿಯುವ ಕೆಲಸ ಅದನ್ನು ಚಾಸಿಗೆ ಸೇರಿಸುವ ತೋಳುಗಳದ್ದು, ಅಂದರೆ ಲಿಂಕ್‌ಗಳದ್ದು. 1998ರಲ್ಲಿ ಬಂದ ಸುಜುಕಿ ಜಿಮ್ನಿ, ಟೊಯೊಟಾ ಲ್ಯಾಂಡ್ ಕ್ರೂಸರ್ 80 ಇವುಗಳಲ್ಲಿ ಆಕ್ಸಲ್ ಪಕ್ಕಕ್ಕೆ ಸರಿಯದ ಹಾಗೆ ಹಿಡಿಯುವ, ಅಡ್ಡಕ್ಕಿರುವ ಒಂದು ಪ್ಯಾನ್‌ಹಾರ್ಡ್ ರಾಡ್ ಇರುತ್ತದೆ. ಅದರ ಬುಷ್ ಸವೆದರೆ, ಅಥವಾ ಬ್ರಾಕೆಟ್‌ನ ಬೋಲ್ಟ್ ತೂತು ಅಂಡಾಕಾರವಾದರೆ, ತಿರುವಿನಲ್ಲಿ ಪೆಟ್ಟು ಕೇಳುತ್ತದೆ. ಗಾಡಿಯನ್ನು ಪಕ್ಕದಿಂದ ತಳ್ಳಿ ಬಿಟ್ಟು, ತಳ್ಳಿ ಬಿಟ್ಟು ಮಾಡಿಸಿ, ರಾಡ್ ತುದಿಯ ಮೇಲೆ ಬೆರಳಿಟ್ಟರೆ ಆಟ ಕೈಗೇ ತಿಳಿಯುತ್ತದೆ. 1970ರ ಮೊದಲ ರೇಂಜ್ ರೋವರ್, ಆಮೇಲಿನ ಹಳೆಯ ಮಾದರಿಯ ಲ್ಯಾಂಡ್ ರೋವರ್ ಡಿಫೆಂಡರ್‌ಗಳಲ್ಲಿ ಆಕ್ಸಲ್ ಮೇಲೆ ಎ ಆಕಾರದ ಫ್ರೇಮ್ ಮತ್ತು ಒಂದು ಬಾಲ್ ಜಾಯಿಂಟ್ ಇದೆ. ಅದು ಸವೆದಾಗ ಬರುವ ಸದ್ದು ನನ್ನ ಗಾಡಿಯದ್ದರ ಹಾಗೇ, ಹೊರಡುವಾಗ ಒಂದು, ಕಾಲು ತೆಗೆದಾಗ ಒಂದು. ಕಿರ್ ಕಿರ್ ಅನ್ನುವ ಸದ್ದಾದರೆ ಒಂದೊಂದೇ ಬುಷ್‌ಗೆ ನೀರು ಸಿಂಪಡಿಸಿ ಗಾಡಿ ಅಲುಗಿಸಿ. ಯಾವುದಕ್ಕೆ ನೀರು ಬಿದ್ದಾಗ ಸದ್ದು ನಿಂತಿತೋ ಅದೇ ಕಳ್ಳ.

ಇದನ್ನೆಲ್ಲ ನೀವೇ ಮಾಡುವವರಾದರೆ ಒಂದು ಎಚ್ಚರಿಕೆ. ಹಳೆಯ ಡಿಫೆಂಡರ್‌ನಂಥ ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದು ಚಕ್ರವನ್ನಲ್ಲ, ಟ್ರಾನ್ಸ್‌ಫರ್ ಕೇಸ್ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಗೇರ್ ಪೆಟ್ಟಿಗೆ) ಹಿಂದೆ ಇರುವ ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಡಿಫ್ರೆನ್ಶಿಯಲ್ ಮೂಲಕ ಇನ್ನೊಂದು ಚಕ್ರ ತಿರುಗಬಹುದು, ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಗಾಡಿ ಜಾಕ್ ಮೇಲಿಂದ ಉರುಳಬಹುದು. ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಿ, ಆಕ್ಸಲ್ ಸ್ಟ್ಯಾಂಡ್ ಇಡಿ. ಬರೀ ಜಾಕ್ ನಂಬಿ ಕೆಳಗೆ ತೂರಬೇಡಿ.

ನನ್ನ ಗಾಡಿಗೆ ಎರಡೂ ಕಡೆ ಹೊಸ ಸೆಂಟರ್ ಬೋಲ್ಟ್, ಹೊಸ ಯು ಬೋಲ್ಟ್ ಬಂತು. ಚಕ್ರಗಳ ಮೇಲೆ ಭಾರ ಇರುವಾಗಲೇ, ನಾಲ್ಕು ನಟ್‌ಗಳನ್ನು ಅಡ್ಡಡ್ಡ ಸ್ವಲ್ಪ ಸ್ವಲ್ಪವೇ, ಮ್ಯಾನುವಲ್‌ನಲ್ಲಿ ಇರುವ ಟಾರ್ಕ್‌ಗೆ ಬಿಗಿದರು. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೆ ಕರೆಸಿ ನೋಡಿದರು, ನಟ್‌ಗಳು ಇನ್ನೊಂಚೂರು ತಿರುಗಿದವು. ಸೀಳಿದ ಬುಷ್‌ಗಳನ್ನೂ ಬದಲಿಸಿ ನೆಲದ ಮೇಲೆಯೇ ಬಿಗಿದರು. ಸದ್ದು ಹೋಯಿತು, ಎಳೆಯುವುದೂ ನಿಂತಿತು.

ಮುರಿದ ಬೋಲ್ಟ್, ವಿಡಿಯೋ ಎರಡನ್ನೂ ಹಳೆಯ ವರ್ಕ್‌ಶಾಪ್‌ಗೆ ತೆಗೆದುಕೊಂಡು ಹೋಗಿ ತೋರಿಸಿದೆ. "ಹಳೇ ಗಾಡಿ ಅಲ್ವಾ ಸಾರ್, ಏನಾದ್ರೂ ಒಂದು ಆಗ್ತಾನೇ ಇರುತ್ತೆ" ಅಂದರು. ಬಿಲ್ ತೆಗೆದು ನೋಡಿದರೆ 'ಹಿಂದಿನ ಸಸ್ಪೆನ್ಷನ್ ಕೆಲಸ' ಅಂತ ಮಾತ್ರ ಬರೆದಿದೆ. ಯು ಬೋಲ್ಟ್ ಬಿಚ್ಚಿದ್ದು, ಹಳೆಯದನ್ನೇ ಹಾಕಿದ್ದು ಯಾವುದಕ್ಕೂ ಆಧಾರ ಇಲ್ಲ, ಹಾಗಾಗಿ ಒಂದು ಪೈಸೆಯೂ ವಾಪಸ್ ಬರಲಿಲ್ಲ. ನಿಮ್ಮ ಗಾಡಿ ಕೊಡುವಾಗ ಏನೇನು ಬಿಚ್ಚಿದರು, ಯಾವುದು ಹೊಸದು, ಯಾವ ಟಾರ್ಕ್‌ಗೆ ಬಿಗಿದರು ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಬಿಚ್ಚಿದ ಹಳೆಯ ಸಾಮಾನನ್ನೂ ಇಸಕೊಂಡು ಬನ್ನಿ.