ಕೆಮ್ಮಣ್ಣಿನ ಮೇಲಿನ ಹೆಸರಿಲ್ಲದ ಗೆರೆಗಳು

ಶಿವಮೊಗ್ಗದ ಸಣ್ಣ ಗ್ಯಾಲರಿಯೊಂದರಲ್ಲಿ ಕಳೆದ ವಾರ ನೋಡಿದ ಅಮೂರ್ತ ಚಿತ್ರಗಳ ಪ್ರದರ್ಶನದಲ್ಲಿ ನನ್ನನ್ನು ಹೆಚ್ಚು ಹೊತ್ತು ನಿಲ್ಲಿಸಿದ್ದು, ಕೆಮ್ಮಣ್ಣಿನ ಬಣ್ಣದ ಮೇಲೆ ತೆಳುವಾದ ಬಿಳಿ ಗೆರೆಗಳು ಒಂದನ್ನೊಂದು ಹಾಯ್ದು ಹೋಗುವ ದೊಡ್ಡ ಕ್ಯಾನ್ವಾಸ್. ಸಾಗರ, ಸೊರಬದ ಕಡೆ ದೀವರು ಸಮುದಾಯದ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವನ್ನು ಕಂಡವರಿಗೆ ಈ ಗೆರೆಗಳು ಅಪರಿಚಿತವೆನಿಸುವುದಿಲ್ಲ. ಆದರೆ ಚಿತ್ತಾರದ ಎಳೆಗಳಿಗೆ ಹೆಸರುಗಳೂ ಮದುವೆಯಂಥ ಸಂದರ್ಭವೂ ಇದ್ದರೆ, ಇಲ್ಲಿ ಕಲಾವಿದರು ಅದನ್ನೆಲ್ಲ ಕಳಚಿ ಲಯವನ್ನಷ್ಟೇ ಉಳಿಸಿಕೊಂಡಿದ್ದಾರೆ. ಪ್ರದರ್ಶನದಲ್ಲಿದ್ದ ನೀಲಿ ಬಣ್ಣದ ಚಿತ್ರಗಳ ಸರಣಿ ಮಾತ್ರ ಅಲಂಕಾರಕ್ಕಿಂತ ಮುಂದೆ ಹೋಗಲಿಲ್ಲ. ಚೌಕಟ್ಟಿನ ಗಾಜಿನ ಮೇಲೆ ಟ್ಯೂಬ್‌ಲೈಟ್ ಪ್ರತಿಫಲಿಸುತ್ತಿದ್ದುದರಿಂದ ಕೆಲವು ಜಲವರ್ಣಗಳಲ್ಲಿ ಚಿತ್ರಕ್ಕಿಂತ ನನ್ನ ಮುಖವೇ ಸ್ಪಷ್ಟವಾಗಿ ಕಂಡಿತು. ಪ್ರವೇಶ ಉಚಿತ, ಕಿಟಕಿಯ ಬೆಳಕಿರುವ ಬೆಳಗಿನ ಹೊತ್ತಿಗೆ ಹೋಗುವುದು ಒಳಿತು.