ವ್ಯಸನ ಮತ್ತು ಮನೋರೋಗಕ್ಕೆಂದು ಮಾರುವ ರಕ್ತಪರೀಕ್ಷೆ ಪ್ಯಾಕೇಜ್: 22 ಪರೀಕ್ಷೆಗಳಲ್ಲಿ ಕೆಲಸಕ್ಕೆ ಬಂದವೆಷ್ಟು?

ನನ್ನ ಅಣ್ಣ ಬೈಪೋಲಾರ್ ಕಾಯಿಲೆಗಾಗಿ ಹಲವು ವರ್ಷಗಳಿಂದ ಲಿಥಿಯಂ ಸೇವಿಸುತ್ತಿದ್ದಾನೆ. ಈ ಪರೀಕ್ಷೆ ಮಾಡಿಸುವ ಹೊತ್ತಿಗೆ ಅವನು ಕುಡಿತ ಬಿಟ್ಟು 11 ವಾರಗಳಾಗಿದ್ದವು. ಮನೆಗೇ ಬಂದು ರಕ್ತ ತೆಗೆದುಕೊಂಡು ಹೋಗುವ ಒಂದು ಖಾಸಗಿ ಲ್ಯಾಬ್, ವ್ಯಸನ ಹಾಗೂ ಮಾನಸಿಕ ಕಾಯಿಲೆ ಎರಡನ್ನೂ ‘ರಕ್ತದಲ್ಲೇ ಓದಿ ಹೇಳುವ’ ಪ್ಯಾಕೇಜ್ ಒಂದನ್ನು ಮಾರುತ್ತಿರುವುದನ್ನು ಕಂಡು, ಅತ್ತಿಗೆಯ ಒತ್ತಾಯಕ್ಕೆ ಅದನ್ನು ಕೊಂಡೆವು. ಆ ಸಂಸ್ಥೆಯ ಹೆಸರು ಇಲ್ಲಿ ಬೇಡ. ಇಂಥ ಪ್ಯಾಕೇಜುಗಳನ್ನು ಇನ್ನೂ ಹಲವರು ಮಾರುತ್ತಾರೆ, ಮತ್ತು ನಾನು ಹೇಳಬೇಕಾದದ್ದು ಒಂದು ಲ್ಯಾಬಿಗಿಂತ ಹೆಚ್ಚಾಗಿ ಆ ಪಟ್ಟಿಯಲ್ಲಿರುವ ಪರೀಕ್ಷೆಗಳ ಕುರಿತಾದದ್ದು.

ಐದನೆಯ ದಿನ 11 ಪುಟದ ರಿಪೋರ್ಟು ಬಂತು. ಮೊದಲ ಪುಟದಲ್ಲಿ ಗಡಿಯಾರದಂಥ ಒಂದು ವೃತ್ತ, ಅದರೊಳಗೆ ‘ಮಾನಸಿಕ ಆರೋಗ್ಯ ಅಂಕ: 64’. ಆ ಅಂಕವನ್ನು ಯಾವ ಲೆಕ್ಕದಿಂದ ತೆಗೆದರೆಂಬುದು ಹನ್ನೊಂದೂ ಪುಟಗಳಲ್ಲಿ ಎಲ್ಲಿಯೂ ಇಲ್ಲ. ಅಣ್ಣ ಅದನ್ನು ನೋಡಿ, ‘ಪಾಸಾದೆ ಅಂತ ತಾನೆ?’ ಎಂದು ನಕ್ಕ. ನನಗೆ ನಗು ಬರಲಿಲ್ಲ. ಖಿನ್ನತೆಯನ್ನಾಗಲಿ ಬೈಪೋಲಾರ್ ಕಾಯಿಲೆಯನ್ನಾಗಲಿ ರಕ್ತ ನೋಡಿಯೇ ಗುರುತಿಸಬಲ್ಲ ಪರೀಕ್ಷೆ ಇವತ್ತಿಗೂ ವೈದ್ಯರ ಕೈಯಲ್ಲಿಲ್ಲ. ರೋಗಿಯನ್ನು ಮಾತನಾಡಿಸಿ, ಮನೆಯವರಿಂದ ಕೇಳಿ ತಿಳಿದು, ಕಾಲಕ್ರಮದಲ್ಲಿ ಗಮನಿಸಿಯೇ ಈ ಕಾಯಿಲೆಗಳನ್ನು ಗುರುತಿಸುತ್ತಾರೆ. ಹೀಗಿರುವಾಗ ಮನಸ್ಸಿಗೆ ನೂರಕ್ಕೆ ಇಷ್ಟೆಂದು ಅಂಕ ಕೊಡುವುದು ವೈದ್ಯಶಾಸ್ತ್ರದ ಕೆಲಸವಲ್ಲ, ಜಾಹೀರಾತಿನ ಕೆಲಸ.

ಹಾಗೆಂದು ಇಡೀ ಪ್ಯಾಕೇಜನ್ನು ತಳ್ಳಿಹಾಕುವಂತಿಲ್ಲ. ಏಳನೆಯ ಪುಟದಲ್ಲಿದ್ದ ಒಂದೇ ಸಾಲು ನಾವು ಕೊಟ್ಟ ಹಣಕ್ಕೆ ಬಹುಪಾಲು ನ್ಯಾಯ ಒದಗಿಸಿತು. ಅದು ಫಾಸ್ಫಟಿಡಿಲ್ ಎಥನಾಲ್, ಲ್ಯಾಬಿನವರ ಬಾಯಲ್ಲಿ ‘ಪೆತ್’. ದೇಹದಲ್ಲಿ ಮದ್ಯಸಾರವಿದ್ದಾಗ ಮಾತ್ರ ಕೆಂಪು ರಕ್ತಕಣಗಳ ಹೊರಪೊರೆಯಲ್ಲಿ ಉಂಟಾಗುವ ವಸ್ತು ಇದು. ಬೊಜ್ಜು, ಯಕೃತ್ತಿನ ಕಾಯಿಲೆ ಅಥವಾ ಬೇರೆ ಔಷಧಗಳು ಇದನ್ನು ಹುಟ್ಟಿಸಲಾರವು. ಹೀಗೆ ಉಂಟಾದ ಪೆತ್ ನಿಧಾನವಾಗಿ ಕರಗುವುದರಿಂದ ಸುಮಾರು ಎರಡರಿಂದ ನಾಲ್ಕು ವಾರಗಳ ಕುಡಿತದ ಸುಳಿವು ಇದರಲ್ಲಿ ಉಳಿದಿರುತ್ತದೆ. ಪ್ರತಿ ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆಯಿದ್ದರೆ ಕುಡಿದೇ ಇಲ್ಲ, ಇಲ್ಲವೇ ತೀರಾ ಅಲ್ಪ ಎಂದೂ, 200ಕ್ಕಿಂತ ಹೆಚ್ಚಿದ್ದರೆ ನಿತ್ಯದ ಭಾರೀ ಕುಡಿತವೆಂದೂ ಸಾಮಾನ್ಯವಾಗಿ ಅರ್ಥೈಸುತ್ತಾರೆ. ಅಣ್ಣನ ರಿಪೋರ್ಟಿನಲ್ಲಿ ‘20ಕ್ಕಿಂತ ಕಡಿಮೆ’ ಎಂದಿತ್ತು.

ಈ ಸಾಲಿನ ಬೆಲೆ ಅರ್ಥವಾಗಬೇಕಾದರೆ ಅದಕ್ಕಿಂತ ಮೊದಲು ಮನೆಯಲ್ಲಿ ನಡೆದದ್ದನ್ನು ಹೇಳಬೇಕು. ಅಣ್ಣನ ಜಿಜಿಟಿ, ಅಂದರೆ ಯಕೃತ್ತಿನ ತೊಂದರೆಯಲ್ಲಿ ರಕ್ತದಲ್ಲಿ ಏರುವ ಒಂದು ಕಿಣ್ವ, 92 ಇತ್ತು, ಪಕ್ಕದಲ್ಲಿ ಕೆಂಪು ಬಾಣದ ಗುರುತು. ವರ್ಷಗಳಿಂದ ಜಿಜಿಟಿ ಏರಿದಾಗಲೆಲ್ಲ ಕುಡಿತವೇ ಕಾರಣವಾಗಿದ್ದ ಮನೆಯಲ್ಲಿ ಆ ಬಾಣ ಏನು ಮಾಡಬಲ್ಲದೆಂಬುದನ್ನು ವಿವರಿಸಬೇಕಿಲ್ಲ. ಅತ್ತಿಗೆ ಮಾತಾಡದೆ ಪುಟ ಮಗುಚಿದರು. ಅಣ್ಣ ‘ನಾನು ಮುಟ್ಟಿಲ್ಲ’ ಎಂದಷ್ಟೇ ಹೇಳಿ ಕಿಟಕಿಯ ಕಡೆಗೆ ತಿರುಗಿದ. ಎರಡು ಪುಟಗಳ ನಂತರ ಪೆತ್ ಸಿಕ್ಕಿದಾಗ ಅತ್ತಿಗೆ ಆ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು, ಆಮೇಲೆ ರಿಪೋರ್ಟನ್ನು ಅವನ ಕೈಗೇ ಕೊಟ್ಟರು. ಜಿಜಿಟಿ ಏರಲು ಯಕೃತ್ತಿನಲ್ಲಿ ಕೂಡಿದ ಕೊಬ್ಬು, ಪಿತ್ತನಾಳದ ತೊಂದರೆ, ಅಪಸ್ಮಾರಕ್ಕೆ ಕೊಡುವ ಕೆಲವು ಮಾತ್ರೆಗಳು, ಹೀಗೆ ಹತ್ತು ಕಾರಣಗಳಿರುತ್ತವೆ. ಅಣ್ಣನಿಗೆ ಯಕೃತ್ತಿನ ಕೊಬ್ಬು ಇರುವುದು ಮೊದಲೇ ಗೊತ್ತಿತ್ತು. ಎಂಸಿವಿಯೂ, ಅಂದರೆ ಕೆಂಪು ರಕ್ತಕಣದ ಸರಾಸರಿ ಗಾತ್ರವೂ, ಮೇಲಿನ ಮಿತಿಯನ್ನು ತುಸು ದಾಟಿತ್ತು. ಕೆಂಪು ಕಣದ ಆಯಸ್ಸೇ ಸುಮಾರು 120 ದಿನವಾದ್ದರಿಂದ, ಕುಡಿತ ಬಿಟ್ಟ 11 ವಾರಕ್ಕೆ ಹಳೆಯ ದೊಡ್ಡ ಕಣಗಳು ರಕ್ತದಲ್ಲಿ ಇನ್ನೂ ಓಡಾಡುತ್ತಿರುವುದು ಸಹಜ. ಬಿ12 ಅಥವಾ ಫೋಲೇಟ್ ಕೊರತೆಯಿಂದಲೂ ಹೀಗಾಗುತ್ತದೆ. ಇದೆಲ್ಲವನ್ನೂ ರಿಪೋರ್ಟು ಒಂದೆರಡು ವಾಕ್ಯಗಳಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಕೆಂಪು ಬಾಣಗಳನ್ನು ಹಾಕುವುದಕ್ಕೆ ಮಾತ್ರ ಅದು ಜಿಪುಣತನ ಮಾಡಿಲ್ಲ.

ಪೆತ್ ಕುರಿತು ಒಂದು ಮಾತು ಸೇರಿಸಬೇಕು. ಇತ್ತೀಚೆಗೆ ರಕ್ತ ಕೊಡಿಸಿಕೊಂಡವರಲ್ಲಿ, ದಾನಿ ಕುಡಿಯುವವರಾಗಿದ್ದರೆ, ಫಲಿತಾಂಶ ತಪ್ಪಾಗಿ ಏರಬಹುದು. ಅದಕ್ಕಿಂತ ಮುಖ್ಯವಾಗಿ, ರೋಗಿಗೆ ತಿಳಿಸದೆ, ಅವನನ್ನು ಹಿಡಿದುಹಾಕಲೆಂದೇ ಮಾಡಿಸಿದರೆ ಇಷ್ಟು ಒಳ್ಳೆಯ ಪರೀಕ್ಷೆಯೂ ಮನೆಯೊಳಗಿನ ಪೊಲೀಸ್ ಠಾಣೆಯಾಗುತ್ತದೆ. ನಮ್ಮಲ್ಲಿ ಅಣ್ಣನೇ ಒಪ್ಪಿ ತೋಳು ಚಾಚಿದ್ದರಿಂದ ಫಲಿತಾಂಶವೂ ಅವನದಾಯಿತು.

ಇನ್ನು ದೂರು. ಬುಕಿಂಗ್ ಮಾಡಿದಾಗ ಬಂದ ಸಂದೇಶದಲ್ಲಿ 12 ಗಂಟೆ ಉಪವಾಸವಿರಿ ಎಂದು ದಪ್ಪಕ್ಷರದಲ್ಲಿತ್ತು, ಮಾತ್ರೆಯ ವಿಚಾರ ಒಂದಕ್ಷರವೂ ಇರಲಿಲ್ಲ. ಅಣ್ಣ ಎಂದಿನಂತೆ ಆರೂವರೆಗೆ ಲಿಥಿಯಂ ನುಂಗಿದ. ಲ್ಯಾಬಿನ ಹುಡುಗ ಎಂಟಕ್ಕೆ ಬಂದು, ಏನನ್ನೂ ಕೇಳದೆ, ನೋವಾಗದ ಹಾಗೆ ಸೂಜಿ ಚುಚ್ಚಿ ರಕ್ತ ತೆಗೆದುಕೊಂಡು ಹೋದ. ಅವನ ಕೈ ನಿಜಕ್ಕೂ ಹಗುರ. ಫಲಿತಾಂಶ 1.3, ಕೆಂಪು ಬಣ್ಣ, ಪಕ್ಕದಲ್ಲಿ ‘ತಕ್ಷಣ ವೈದ್ಯರನ್ನು ಕಾಣಿ’. ಲಿಥಿಯಂ ಪ್ರಮಾಣವನ್ನು ಸಾಮಾನ್ಯವಾಗಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್, ಕೆಲವರಲ್ಲಿ 1.0ರವರೆಗೆ ಇಟ್ಟುಕೊಳ್ಳುತ್ತಾರೆ, 1.5 ದಾಟಿದರೆ ವಿಷವಾಗುವ ಭಯ. ಅಂದು ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನ ಮನೋವೈದ್ಯರು ರಿಪೋರ್ಟು ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಮಾತ್ರೆ ಎಷ್ಟು ಗಂಟೆಗೆ ತೆಗೆದುಕೊಂಡಿದ್ದಿರಿ?’ ಕೊನೆಯ ಮಾತ್ರೆ ನುಂಗಿ 12 ಗಂಟೆಗಳಾದ ಮೇಲೆ ತೆಗೆದ ರಕ್ತದ ಲೆಕ್ಕಕ್ಕೆ ಮಾತ್ರ ಆ ಮಿತಿಗಳು ಹೊಂದುತ್ತವೆ. ನುಂಗಿದ ಒಂದೆರಡು ಗಂಟೆಗಳಲ್ಲಿ ಮಟ್ಟ ಏರಿಯೇ ಇರುತ್ತದೆ. ಸರಿಯಾದ ಹೊತ್ತಿಗೆ ಇನ್ನೊಮ್ಮೆ ತೆಗೆಸಿದಾಗ ಬಂದದ್ದು 0.7. ರಕ್ತ ಹಾಕುವ ಟ್ಯೂಬನ್ನೂ ನೋಡಿಕೊಳ್ಳಬೇಕೆಂದು ಅವರು ಹೇಳಿದರು: ರಕ್ತ ಹೆಪ್ಪುಗಟ್ಟದಂತೆ ಲಿಥಿಯಂ ಹೆಪಾರಿನ್ ಲೇಪಿಸಿದ, ಸಾಮಾನ್ಯವಾಗಿ ಹಸಿರು ಮುಚ್ಚಳದ ಟ್ಯೂಬಿಗೆ ಈ ಸ್ಯಾಂಪಲ್ ಹಾಕಿದರೆ ಟ್ಯೂಬಿನ ಲಿಥಿಯಮ್ಮೇ ರೋಗಿಯ ಲೆಕ್ಕಕ್ಕೆ ಸೇರಿಬಿಡುತ್ತದಂತೆ. ಆ ತಪ್ಪು ನಮ್ಮಲ್ಲಿ ಆಗಿರಲಿಲ್ಲ. ಲ್ಯಾಬಿಗೆ ದೂರು ಬರೆದೆ. ಮೂರು ದಿನಗಳ ನಂತರ ‘ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದ’ ಎಂಬ ಉತ್ತರ ಬಂತು.

ಉಳಿದ ಪರೀಕ್ಷೆಗಳಲ್ಲಿ ಕೆಲವು ನಿಜಕ್ಕೂ ಬೇಕಾದವು. ಥೈರಾಯ್ಡ್ ಕುಂದಿದರೆ ಮಂಕು, ದಣಿವು, ನಿರುತ್ಸಾಹ ಎಲ್ಲವೂ ಖಿನ್ನತೆಯ ವೇಷದಲ್ಲೇ ಬರುತ್ತವೆ. ಲಿಥಿಯಂ ಸ್ವತಃ ಥೈರಾಯ್ಡನ್ನೂ ಮೂತ್ರಪಿಂಡವನ್ನೂ ಬಾಧಿಸಬಹುದಾದ್ದರಿಂದ ಅಣ್ಣನಂಥವರಿಗೆ ಅವೆರಡರ ಸ್ಥಿತಿ ಹೇಳುವ ಟಿಎಸ್‌ಎಚ್ ಮತ್ತು ಕ್ರಿಯಾಟಿನಿನ್ ಆಗಾಗ್ಗೆ ನೋಡಲೇಬೇಕು. ಬಿ12 ಕೂಡ ಪಟ್ಟಿಯಲ್ಲಿದ್ದದ್ದು ಸರಿ.

ಆದರೆ ಪ್ಯಾಕೇಜಿನ ದುಬಾರಿ ಭಾಗವೆಂದು ಜಾಹೀರಾತಿನಲ್ಲಿ ಮುಂದಿಟ್ಟಿದ್ದು ಇವನ್ನಲ್ಲ, ಮಿದುಳಿನ ಸಂದೇಶವಾಹಕ ಸೆರೊಟೋನಿನ್, ನರಕೋಶಗಳನ್ನು ಪೋಷಿಸುವ ಪ್ರೊಟೀನಾದ ಬಿಡಿಎನ್‌ಎಫ್, ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಮತ್ತು ಉರಿಯೂತವಿದ್ದಾಗ ಏರುವ ಸಿಆರ್‌ಪಿಗಳನ್ನು. ರಕ್ತದಲ್ಲಿರುವ ಸೆರೊಟೋನಿನ್ ಬಹುತೇಕ ಕರುಳಿನಲ್ಲಿ ತಯಾರಾಗಿ ಪ್ಲೇಟ್‌ಲೆಟ್‌ಗಳಲ್ಲಿ ಶೇಖರವಾದದ್ದು; ಅದು ಮಿದುಳಿನೊಳಕ್ಕೆ ದಾಟುವುದಿಲ್ಲ, ಮಿದುಳಿನಲ್ಲಿ ಎಷ್ಟಿದೆಯೆಂದು ಹೇಳುವುದೂ ಇಲ್ಲ. ಬಿಡಿಎನ್‌ಎಫ್ ಖಿನ್ನತೆಯಿರುವವರಲ್ಲಿ ಸರಾಸರಿ ಕಡಿಮೆ ಇರುತ್ತದೆಂದು ಹಲವು ಅಧ್ಯಯನಗಳು ಕಂಡುಕೊಂಡಿರುವುದು ನಿಜ. ಆದರೆ ಗುಂಪಿನ ಸರಾಸರಿಯಿಂದ ಒಬ್ಬ ವ್ಯಕ್ತಿಯ ಭವಿಷ್ಯ ಹೇಳಲಾಗದು. ಸಾಲದೆಂಬಂತೆ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳೇ ಇದನ್ನು ಹೊರಚೆಲ್ಲುವುದರಿಂದ ಟ್ಯೂಬನ್ನು ಎಷ್ಟು ಹೊತ್ತು ಇಟ್ಟಿದ್ದರೆಂಬುದರ ಮೇಲೂ ಅಂಕಿ ಏರಿಳಿಯುತ್ತದೆ.

ಕಾರ್ಟಿಸಾಲ್ ಕಥೆ ಹಳೆಯದು. 1981ರಲ್ಲಿ ಬರ್ನಾರ್ಡ್ ಕ್ಯಾರೊಲ್ ಮತ್ತು ಸಂಗಡಿಗರು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟು, ಕಾರ್ಟಿಸಾಲ್ ಇಳಿಯದೆ ಉಳಿಯಿತೇ ಎಂದು ಮರುದಿನ ಅಳೆಯುವ ಪರೀಕ್ಷೆಯನ್ನು ತೀವ್ರ ಖಿನ್ನತೆಯ ನಿದಾನಕ್ಕೆ ಮುಂದಿಟ್ಟಾಗ, ಮನೋವೈದ್ಯಶಾಸ್ತ್ರಕ್ಕೂ ಕೊನೆಗೊಂದು ಲ್ಯಾಬ್ ಪರೀಕ್ಷೆ ಸಿಕ್ಕಿತೆಂಬ ಉತ್ಸಾಹ ಹಬ್ಬಿತ್ತು. ಆಮೇಲೆ ಮದ್ಯ ಬಿಡುವಾಗಿನ ಯಾತನೆ, ತೂಕ ಇಳಿಕೆ, ಬೇರೆ ಕಾಯಿಲೆಗಳಲ್ಲಿಯೂ ಅದೇ ಫಲಿತಾಂಶ ಬರತೊಡಗಿ ಅದರ ದಿನನಿತ್ಯದ ಬಳಕೆ ನಿಂತಿತು. ಬೆಳಗ್ಗೆ ಏರಿ ರಾತ್ರಿ ಇಳಿಯುವ ಹಾರ್ಮೋನಿನ ಒಂದೇ ಒಂದು ಬೆಳಗಿನ ಅಂಕಿಯನ್ನು, ಡೆಕ್ಸಾಮೆಥಾಸೋನಿನ ಪ್ರಯೋಗವೂ ಇಲ್ಲದೆ, ಈ ಪ್ಯಾಕೇಜ್ ‘ಒತ್ತಡದ ಮಟ್ಟ’ ಎಂದು ಕರೆಯುತ್ತದೆ.

ಸಿಆರ್‌ಪಿ ವಿಷಯದಲ್ಲಿ ನಾನು ಇಷ್ಟು ಕಠಿಣವಾಗಿರಲಾರೆ. ಖಿನ್ನತೆಯಿರುವ ಕೆಲವರಲ್ಲಿ ಉರಿಯೂತದ ಪಾತ್ರವಿದೆ ಎಂಬುದು ಗಂಭೀರವಾದ ವಿಚಾರ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಔಷಧಿಗೆ ಬಗ್ಗದ ಖಿನ್ನತೆಯಿದ್ದ 60 ಮಂದಿಯಲ್ಲಿ ಕೆಲವರಿಗೆ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬನ್ನೂ ಉಳಿದವರಿಗೆ ಹುಸಿಮದ್ದನ್ನೂ ಕೊಟ್ಟು ನೋಡಿದಾಗ, ಒಟ್ಟಾರೆ ಲಾಭ ಕಾಣದಿದ್ದರೂ, ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂ ದಾಟಿದ್ದವರಲ್ಲಿ ಉಪಯೋಗದ ಸುಳಿವು ಸಿಕ್ಕಿತು. ಆದರೆ ಸುಳಿವು ಸುಳಿವೇ. ಅಣ್ಣನ ಸಿಆರ್‌ಪಿ 9 ಬಂದಿತ್ತು, ‘ಮಿದುಳಿನ ಉರಿಯೂತದ ಅಪಾಯ’ ಎಂದು ರಿಪೋರ್ಟು ಬರೆದಿತ್ತು. ಆ ವಾರ ಅವನ ಎಡಗಡೆಯ ದವಡೆಹಲ್ಲಿನ ಒಸಡು ಊದಿ ಕೆನ್ನೆ ಬಾತುಕೊಂಡಿತ್ತು. ಅದನ್ನು ಯಾರೂ ಕೇಳಲಿಲ್ಲ.

ಕೇಳದಿರುವುದೇ ಈ ಸೇವೆಯ ಮೂಲದೋಷ. ನಿಕೋಟಿನ್ ದೇಹದಲ್ಲಿ ಕರಗಿದಾಗ ಉಂಟಾಗುವ ಕೊಟಿನಿನ್ ಕಂಡಿದ್ದರಿಂದ ಅಣ್ಣನನ್ನು ಧೂಮಪಾನಿ ಎಂದು ದಾಖಲಿಸಿದ್ದಾರೆ. ಅವನು ಸಿಗರೇಟು ಬಿಡಲು ನಿಕೋಟಿನ್ ಗಮ್ ಅಗಿಯುತ್ತಿದ್ದಾನೆ, ಅದರಿಂದಲೂ ಕೊಟಿನಿನ್ ಬರುತ್ತದೆ. ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋಜಪಿನ್ ಸೇವಿಸುವವರಲ್ಲಿ ಇದೇ ವಿಚಾರ ಇನ್ನೂ ಗಂಭೀರವಾಗುತ್ತದೆ. ಸಿಗರೇಟಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸಿ ಆ ಔಷಧವನ್ನು ಬೇಗ ಕರಗಿಸುತ್ತಿರುತ್ತದೆ, ಆದ್ದರಿಂದ ಅವರು ಸಿಗರೇಟು ಬಿಟ್ಟ ಕೂಡಲೇ ರಕ್ತದಲ್ಲಿ ಔಷಧದ ಮಟ್ಟ ಅಪಾಯಕಾರಿಯಾಗಿ ಏರಬಹುದು. ಇದನ್ನು ಮಾಡುವುದು ಹೊಗೆ, ನಿಕೋಟಿನ್ ಅಲ್ಲ. ವ್ಯಸನ ಮತ್ತು ಮನೋರೋಗ ಎರಡಕ್ಕೂ ಸೇರಿಸಿ ಪ್ಯಾಕೇಜ್ ಮಾರುವವರು ಅರ್ಜಿಯಲ್ಲಿ ‘ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಇತ್ತೀಚೆಗೆ ಏನು ಬಿಟ್ಟಿರಿ’ ಎಂಬ ಮೂರು ಪ್ರಶ್ನೆಗಳನ್ನಾದರೂ ಸೇರಿಸಬೇಕಿತ್ತು.

ರಕ್ತ ತೆಗೆದ ರೀತಿಗೂ ಪೆತ್ ಸೇರಿಸಿದ್ದಕ್ಕೂ ಒಟ್ಟು ಎರಡು ನಕ್ಷತ್ರ ಕೊಡುತ್ತೇನೆ, ಐದಕ್ಕೆ. ಮತ್ತೆ ಈ ಪ್ಯಾಕೇಜನ್ನು ಕೊಳ್ಳುವುದಿಲ್ಲ. ಮುಂದಿನ ಸಲಕ್ಕೆ ಮನೋವೈದ್ಯರು ಚೀಟಿಯಲ್ಲಿ ನಾಲ್ಕೇ ಹೆಸರು ಬರೆದುಕೊಟ್ಟಿದ್ದಾರೆ: ಲಿಥಿಯಂ, ಟಿಎಸ್‌ಎಚ್, ಕ್ರಿಯಾಟಿನಿನ್, ಮತ್ತು ಅಣ್ಣನೇ ಕೇಳಿ ಬರೆಸಿಕೊಂಡ ಪೆತ್. ಲಿಥಿಯಂ ಪಕ್ಕದಲ್ಲಿ ‘ಬೆಳಗಿನ ಮಾತ್ರೆಗೆ ಮುಂಚೆ’ ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ.