ನೆಲವೇ ಡೊಂಕಾಗಿತ್ತು: ಹಳೆಯ ಪಿಯಾನೊ ಕೊಂಡು ಕೆಟ್ಟ ಕಥೆ

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಗೆ ಹೆದರಿಯೇ ನಾನು ಐದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಪಿಯಾನೊ ತರಗತಿಗೆ ಆಗಷ್ಟೇ ಸೇರಿದ್ದೆ. ನುಡಿಸಿದ್ದು ಕಿವಿಗೆ ಹಿತವಾಗದಿದ್ದರೆ ತಪ್ಪು ನನ್ನ ಬೆರಳಿನದು, ಇಲ್ಲವೇ ನಲವತ್ತು ದಾಟಿದ ಮೇಲೆ ಇದಕ್ಕೆ ಕೈ ಹಾಕಿದ ನನ್ನ ಬುದ್ಧಿಯದು ಎಂದುಕೊಳ್ಳುತ್ತಿದ್ದೆ. ಸಿ ಯಾವುದು, ಡಿ ಯಾವುದು ಎಂದು ಹುಡುಕುತ್ತಿರುವವರು ವಾದ್ಯದ ಮೇಲೆ ದೂರು ಹೇಳಿದರೆ ಯಾರು ನಂಬುತ್ತಾರೆ? ಕೊನೆಗೆ ನೋಡಿದರೆ ನೆಲ ನಿಜಕ್ಕೂ ಡೊಂಕಾಗಿತ್ತು. ಹೊಸದಾಗಿ ಕಲಿಯಲು ಹೊರಟವರು, ಅದರಲ್ಲೂ ಯಾರದೋ ಮನೆಯ ಹಳೆಯ ಪಿಯಾನೊ ಮೇಲೆ ಕಣ್ಣಿಟ್ಟವರು ದಯವಿಟ್ಟು ಓದಿ.

ನನ್ನ ಮೊದಲ ತಪ್ಪು ಚಿಕ್ಕದು. ಮನೆಯಲ್ಲಿದ್ದ 61 ಕೀಗಳ ಕೀಬೋರ್ಡ್‌ನಲ್ಲೇ ಶುರು ಮಾಡಿದೆ. ಮೆಲ್ಲಗೆ ಒತ್ತಿದರೂ ಗುದ್ದಿದರೂ ಅದರಿಂದ ಬರುವುದು ಒಂದೇ ಮಟ್ಟದ ಸದ್ದು. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸ್‌ನಲ್ಲಿ ಕ್ರಿಸ್ತೊಫೊರಿ ಪಿಯಾನೊವನ್ನು ಕಟ್ಟಿದ್ದೇ ಬೆರಳಿನ ಒತ್ತಡಕ್ಕೆ ತಕ್ಕಂತೆ ದನಿ ಏರಿಳಿಯಲಿ ಎಂದು. ಅದಕ್ಕೂ ಮೊದಲಿದ್ದ ಹಾರ್ಪ್ಸಿಕಾರ್ಡ್ ತಂತಿಯನ್ನು ಮೀಟುತ್ತದೆ. ಪಿಯಾನೊ ಸುತ್ತಿಗೆಯಿಂದ ಹೊಡೆಯುತ್ತದೆ. ಪಿಯಾನೊಫೋರ್ಟೆ ಎಂಬ ಪೂರ್ತಿ ಹೆಸರಿನ ಅರ್ಥವೇ ಮೆಲುದನಿ ಮತ್ತು ಜೋರುದನಿ. ಅದೊಂದನ್ನು ಬಿಟ್ಟು ನನ್ನ ಕೀಬೋರ್ಡ್ ಮಿಕ್ಕೆಲ್ಲವನ್ನೂ ಮಾಡುತ್ತಿತ್ತು, ಹಕ್ಕಿಯ ಕೂಗೂ ಅದರಲ್ಲಿತ್ತು. ಬೇರೆಯದು ನೋಡಿಕೊಳ್ಳಿ ಎಂದು ಶಿಕ್ಷಕಿ ಎರಡನೆಯ ವಾರವೇ ಹೇಳಿದರು. ಕೊಳ್ಳುವ ಮೊದಲು ತಿಳಿದವರಿಗೆ ತೋರಿಸಿ ಎಂದೂ ಹೇಳಿದ್ದರು. ಮೊದಲ ಮಾತು ಮಾತ್ರ ನನ್ನ ಕಿವಿಗೆ ಬಿತ್ತು.

ಮನೆ ಖಾಲಿ ಮಾಡುತ್ತಿದ್ದವರೊಬ್ಬರು ತಮ್ಮ ಅಜ್ಜನ ಕಾಲದ ಪಿಯಾನೊವನ್ನು ಬಹಳ ಕಡಿಮೆಗೆ ಕೊಡುತ್ತೇವೆಂದರು. ಗೋಡೆಗೆ ಒರಗಿಸಿ ಇಡುವಂಥದು. ಕೆತ್ತನೆಯ ಮರ, ಮುಖ ಕಾಣುವಷ್ಟು ಹೊಳಪು, ಮೇಣದ ಬತ್ತಿ ನಿಲ್ಲಿಸಲು ಎರಡು ಹಿತ್ತಾಳೆಯ ತೋಳುಗಳು. ನಡುವಿನ ನಾಲ್ಕು ಕೀ ಒತ್ತಿದೆ, ಸದ್ದು ಬಂತು. "ಬಹಳ ದಿನದಿಂದ ಯಾರೂ ನುಡಿಸಿಲ್ಲ, ಸ್ವಲ್ಪ ಶ್ರುತಿ ಮಾಡಿಸಿದರೆ ಸಾಕು" ಎಂದರು. ಅವರು ಸುಳ್ಳು ಹೇಳಿದರು ಎನ್ನಲಾರೆ, ಅವರಿಗೂ ಗೊತ್ತಿರಲಿಲ್ಲ. ಇಂಥ ವ್ಯವಹಾರದಲ್ಲಿ ಮಾರುವವರಿಗೂ ಕೊಳ್ಳುವವರಿಗೂ ಏನೂ ಗೊತ್ತಿರುವುದಿಲ್ಲ, ಗೊತ್ತಿರುವ ಮೂರನೆಯವರನ್ನು ಯಾರೂ ಕರೆಯುವುದಿಲ್ಲ. ಇನ್ನೂರು ಕಿಲೋಗಿಂತ ಹೆಚ್ಚು ತೂಗುವ ಅದನ್ನು ಮೆಟ್ಟಿಲು ಹತ್ತಿಸಲು ಐದು ಜನ ಬೇಕಾದರು. ಸಾಗಿಸಿದ ಕೂಲಿ ಪಿಯಾನೊ ಬೆಲೆಯನ್ನು ಮೀರಿದಾಗಲಾದರೂ ನನಗೆ ಅನುಮಾನ ಬರಬೇಕಿತ್ತು.

ಆಮೇಲಿನ ತಿಂಗಳುಗಳು ವಿಚಿತ್ರವಾಗಿದ್ದವು. ತರಗತಿಯಲ್ಲಿ ಕೂಡಿಬಂದ ಪಾಠ ಮನೆಯಲ್ಲಿ ಕೂಡುತ್ತಿರಲಿಲ್ಲ. ಧ್ವನಿಮುದ್ರಣ ಹಾಕಿಕೊಂಡು ಜೊತೆಗೆ ನುಡಿಸಿದರೆ ನಾನೊಂದು ಕಡೆ, ಅದೊಂದು ಕಡೆ. ಕೆಲವು ಸ್ವರಗಳು ಒಂಟಿಯಾಗಿ ಒತ್ತಿದರೂ ನಡುಗುತ್ತಿದ್ದವು. ನಡುವಿನಿಂದ ಮೇಲಕ್ಕೆ ಪ್ರತಿ ಸ್ವರಕ್ಕೂ ಮೂರು ತಂತಿಗಳಿರುತ್ತವೆ, ಮೂರೂ ಒಂದೇ ಶ್ರುತಿಯಲ್ಲಿಲ್ಲದಿದ್ದರೆ ಹಾಗೆ ಅಲೆಯಲೆಯಾಗಿ ಕೇಳುತ್ತದೆ ಎಂಬುದು ಆಗ ತಿಳಿದಿರಲಿಲ್ಲ. ಎಲ್ಲಕ್ಕಿಂತ ಕಾಡಿದ್ದು ಮಧ್ಯದ ಸಿಯಿಂದ ನಾಲ್ಕನೆಯ ಬಿಳಿ ಕೀ, ಎಫ್. ಒತ್ತಿದರೆ ಇಳಿಯಲು ಸತಾಯಿಸುತ್ತಿತ್ತು, ಇಳಿದರೆ ಏಳಲು ಸತಾಯಿಸುತ್ತಿತ್ತು. ಬಲಗೈಯ ಆರಂಭದ ಪಾಠಗಳಲ್ಲಿ ಅದು ಬರುವುದು ನಾಲ್ಕನೆಯ ಬೆರಳಿಗೆ, ಅಂದರೆ ಇದ್ದುದರಲ್ಲಿ ಸೋಮಾರಿಯಾದ ಉಂಗುರ ಬೆರಳಿಗೆ. ನಾನು ಅದನ್ನು ಎತ್ತಿ ಕುಕ್ಕುವುದನ್ನು ಕಲಿತೆ. ಒಂದು ದಿನ ತರಗತಿಯಲ್ಲಿ ಶಿಕ್ಷಕಿ ನುಡಿಸುವುದನ್ನು ನಿಲ್ಲಿಸಿ ಕೇಳಿದರು: "ಈ ಒಂದು ಬೆರಳಿಗೆ ಯಾರ ಮೇಲೆ ಇಷ್ಟು ಸಿಟ್ಟು?"

ಮನೆಯ ಪಿಯಾನೊ ವಿಷಯ ಹೊರಬಿದ್ದದ್ದು ಆಗಲೇ. ಶ್ರುತಿ ಮಾಡುವವರೊಬ್ಬರನ್ನು ಅವರೇ ಕಳಿಸಿದರು.

ಬಂದವರು ಕೆತ್ತನೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಮೇಲಿನ ಮುಚ್ಚಳ, ಮುಂದಿನ ಹಲಗೆ ಎರಡನ್ನೂ ಕಳಚಿ ಟಾರ್ಚ್ ಬಿಟ್ಟರು. ಸುತ್ತಿಗೆಗಳಿಗೆ ಹೊದಿಸಿದ ಫೆಲ್ಟನ್ನು, ಅಂದರೆ ಒತ್ತಿದ ಉಣ್ಣೆಯನ್ನು, ನುಸಿ ಅಲ್ಲಲ್ಲಿ ತಿಂದಿತ್ತು, ಉಳಿದದ್ದರಲ್ಲಿ ತಂತಿಯ ಆಳವಾದ ಗೀರುಗಳಿದ್ದವು. ಬಡಿದರೆ ಒಂದೇ ಸ್ವರ ಕೊಡುವ ಶ್ರುತಿಕವೆಯನ್ನು ಮಂಡಿಗೆ ಬಡಿದು ಮರಕ್ಕೆ ಊರಿದರು. 440 ಹರ್ಟ್ಸ್, ಇಂದು ಎಲ್ಲೆಡೆ ಒಪ್ಪಿರುವ ಎ ಸ್ವರ. ಅದೇ ಎ ಸ್ವರವನ್ನು ನನ್ನ ಪಿಯಾನೊದಲ್ಲಿ ಒತ್ತಿದರು. ಅರ್ಧ ಸ್ವರ ಕೆಳಗೆ, 415ರ ಆಸುಪಾಸು. ಐದು ತಿಂಗಳು ನಾನು ಎ ಎಂದು ಕೇಳಿದ್ದು ಅದರ ಕೆಳಗಿನ ಕಪ್ಪು ಕೀಯ ದನಿಯನ್ನು!

ಏರಿಸಿಬಿಡಿ ಎಂದೆ. ಅವರು ಮಾತಾಡದೆ ಒಂದು ಬಿರಡೆಗೆ ಹಿಡಿ ತೊಡಿಸಿ ತಿರುಗಿಸಿದರು, ಸ್ವರ ಏರಿತು. ಹಿಡಿ ತೆಗೆದರು, ಸ್ವರ ನಮ್ಮ ಕಣ್ಣೆದುರೇ ಜಾರಿ ಇಳಿಯಿತು. ಪಿಯಾನೊದಲ್ಲಿ ಸುಮಾರು 230 ತಂತಿಗಳು, ಎಲ್ಲ ಸೇರಿ ಹದಿನೈದು ಇಪ್ಪತ್ತು ಟನ್‌ಗಳ ಎಳೆತ. ಆ ತಂತಿಗಳ ಉಕ್ಕಿನ ಬಿರಡೆಗಳನ್ನು ತಿರುಗದಂತೆ ತಡೆದಿರುವುದು ಒಂದು ಗಟ್ಟಿ ಮರದ ಹಲಗೆಯ ಬಿಗಿ ಮಾತ್ರ. ಒಣ ಹವೆಗೆ ಕುಗ್ಗಿ ತೇವಕ್ಕೆ ಹಿಗ್ಗಿ ಆ ಹಲಗೆ ಬಿರುಕು ಬಿಟ್ಟರೆ ಬಿರಡೆಗೆ ಹಿಡಿತ ಇರುವುದಿಲ್ಲ. ಇನ್ನೊಂದನ್ನು ತಿರುಗಿಸುತ್ತಿದ್ದಂತೆ ತುಕ್ಕು ಹಿಡಿದ ತಂತಿ ಫಟ್ ಎಂದು ಹರಿಯಿತು. ದಪ್ಪ ಬಿರಡೆ ಹಾಕಬಹುದು, ಹಲಗೆಯನ್ನೇ ಬದಲಿಸಬಹುದು, ಆದರೆ ಆ ಖರ್ಚಿನಲ್ಲಿ ಒಳ್ಳೆಯ ವಾದ್ಯವೇ ಬರುತ್ತದೆ ಎಂದರು. ಎಫ್ ಕೀಯ ಕಾಯಿಲೆ ಮಾತ್ರ ತೀರ ಸಣ್ಣದು: ತೇವಕ್ಕೆ ಊದಿದ ಬಟ್ಟೆಯ ಒಳಪದರ. ಹತ್ತು ನಿಮಿಷದ ಕೆಲಸವಂತೆ.

ಅದನ್ನು ಹೊರಹಾಕಿದ ಕಥೆ ಬೇಡ. ಪುಕ್ಕಟೆ ಎಂದರೂ ಯಾರೂ ಒಯ್ಯಲಿಲ್ಲ, ಒಯ್ಯಲು ನಾನೇ ಹಣ ಕೊಟ್ಟೆ.

ಹಳೆಯ ಪಿಯಾನೊ ಎಲ್ಲವೂ ಕೆಟ್ಟದ್ದಲ್ಲ, ಚೆನ್ನಾಗಿ ನೋಡಿಕೊಂಡವು ತಲೆಮಾರುಗಳ ಕಾಲ ಬಾಳುತ್ತವೆ. ಆದರೆ ಮುಂಗಡ ಕೊಡುವ ಮೊದಲು ಶ್ರುತಿ ಮಾಡುವವರಿಗೆ ಒಂದು ಭೇಟಿಯ ಹಣ ಕೊಟ್ಟು ಕರೆದೊಯ್ಯಿರಿ. ಅದಕ್ಕೂ ಮೊದಲು ನೀವೇ 88 ಕೀಗಳನ್ನೂ, 52 ಬಿಳಿ 36 ಕಪ್ಪು, ಒಂದೊಂದಾಗಿ ಮೆಲ್ಲಗೆ ಒತ್ತಿ ನೋಡಿ, ನಾಚಿಕೆ ಬೇಡ. ಮೊಬೈಲ್‌ನ ಶ್ರುತಿ ಆ್ಯಪ್‌ನಲ್ಲಿ ಎ ಎಷ್ಟು ತೋರಿಸುತ್ತದೆ ನೋಡಿ. ಕೊನೆಯ ಸಲ ಶ್ರುತಿ ಮಾಡಿಸಿದ್ದು ಯಾವಾಗ ಎಂದು ಕೇಳಿ. ನೆನಪಿಲ್ಲ ಎಂಬುದೂ ಒಂದು ಉತ್ತರವೇ. ವರ್ಷಕ್ಕೆ ಒಂದೆರಡು ಬಾರಿ ಮಾಡಿಸುವ ಖರ್ಚು ನಿಮಗೂ ಬರುತ್ತದೆ, ಅದನ್ನೂ ಲೆಕ್ಕಕ್ಕೆ ಸೇರಿಸಿ.

ಈಗ ನನ್ನಲ್ಲಿರುವುದು ಬಾಡಿಗೆಗೆ ತಂದ ಡಿಜಿಟಲ್ ಪಿಯಾನೊ. ಸುತ್ತಿಗೆಯ ಭಾರವನ್ನು ಹೋಲುವ 88 ಕೀಗಳು, ಅಲುಗದ ಕಾಲುಗಳು, ಒಂದು ಪೆಡಲ್, ಹೆಡ್‌ಫೋನ್. ಶ್ರುತಿಯ ಚಿಂತೆಯಿಲ್ಲ, ರಾತ್ರಿ ಹನ್ನೊಂದಕ್ಕೂ ನುಡಿಸಬಹುದು. ಕೊಳ್ಳುವವರು ಐನೂರು ಬಗೆಯ ದನಿಗಳ ಆಸೆಗೆ ಬೀಳಬೇಡಿ. ಅಂಗಡಿಯವರು ಗುಂಡಿ ಒತ್ತಿ ಕೇಳಿಸುವ ಸಿದ್ಧ ರಾಗವನ್ನು ನಿಲ್ಲಿಸಿ, ಒಂದೇ ಕೀಯನ್ನು ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ ಒತ್ತಿ ಕೇಳಿ.

ಧ್ವನಿಮುದ್ರಣದ ಜೊತೆ ಈಗ ಒಂದೇ ಶ್ರುತಿಯಲ್ಲಿ ನುಡಿಸುತ್ತೇನೆ. ಆದರೆ ಎಫ್ ಬಂದಾಗಲೆಲ್ಲ ನಾಲ್ಕನೆಯ ಬೆರಳು ಇನ್ನೂ ಮೇಲೆದ್ದು ಕುಕ್ಕುತ್ತದೆ. ಶಿಕ್ಷಕಿ ಏನೂ ಹೇಳುವುದಿಲ್ಲ. ಪೆನ್ಸಿಲ್ ತೆಗೆದು ಆ ಸ್ವರದ ಸುತ್ತ ಒಂದು ಸೊನ್ನೆ ಸುತ್ತುತ್ತಾರೆ.